ಕಾಣದ ಜಾಗದಲ್ಲಿ ಮಾಡಿದ ಪರೀಕ್ಷೆ

ಲೇಸರ್ ಕೋಣೆಗೆ ಒಂದು ವಾಸನೆ ಇರುತ್ತದೆ. ಕೂದಲು ಸುಟ್ಟ ವಾಸನೆ. ಎಷ್ಟೇ ಏಸಿ ಹಾಕಿ, ಎಷ್ಟೇ ಪರಿಮಳ ಸಿಂಪಡಿಸಿ, ಪರದೆಯ ಬಟ್ಟೆಯಲ್ಲಿ, ಮಂಚದ ರೆಕ್ಸಿನ್ನಿನಲ್ಲಿ, ನಮ್ಮ ಬಿಳಿ ಕೋಟಿನ ತೋಳಿನಲ್ಲಿ ಅದು ಉಳಿದುಬಿಡುತ್ತದೆ. ಕೂದಲಿನ ಬುಡ ಸುಡಬೇಕು, ಚರ್ಮ ಸುಡಬಾರದು. ನಾವು ಕಲಿಯುವ ವಿದ್ಯೆಯೆಲ್ಲ ಈ ಎರಡರ ನಡುವಿನ ಸಣ್ಣ ಜಾಗದಲ್ಲಿದೆ. ಮೊದಮೊದಲು ಆ ವಾಸನೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಈಗ ಅದು ಮೂಗಿಗೆ ಬಡಿದರೆ ಎದ್ದು ಹೋಗಿ ಕಿಟಕಿ ತೆರೆಯುತ್ತೇನೆ. ಅದು ಯಾಕೆ ಹಾಗಾಯಿತು ಎನ್ನುವುದನ್ನು ಆತುರವಿಲ್ಲದೆ, ನಡೆದದ್ದು ನಡೆದ ಹಾಗೆ ಬರೆಯಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನು ಹುಟ್ಟಿ ಬೆಳೆದದ್ದು ಚನ್ನಪಟ್ಟಣ. ಚರ್ಮರೋಗದಲ್ಲಿ ಉನ್ನತ ಪದವಿ ಮುಗಿಸಿ ರಾಮನಗರಕ್ಕೆ ಕೆಲಸಕ್ಕೆ ಬಂದಾಗ, ಚರ್ಮದ ಬಗ್ಗೆ ತಿಳಿಯಬೇಕಾದ್ದನ್ನು ತಿಳಿದು ಮುಗಿಸಿದ್ದೇನೆ ಎಂಬ ಭಾವನೆಯಲ್ಲಿದ್ದೆ. ಒಂದು ಮಳೆಗಾಲ ಕಳೆಯುವುದರೊಳಗೆ ಆ ಭಾವನೆ ಹೋಯಿತು. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಅದ್ದಿ ನೂಲು ತೆಗೆಯುವವರು ಬರುತ್ತಿದ್ದರು. ಅವರ ಬೆರಳ ಸಂದುಗಳು ಬೆಳ್ಳಗೆ ನೆನೆದು ಸೀಳಿರುತ್ತಿದ್ದವು. ಪುಸ್ತಕದಲ್ಲಿ ಬರೆದ ಮುಲಾಮು ಕೊಟ್ಟರೆ, 'ಕೈ ಒಣಗಿಸಿಕೊಳ್ಳಿ ಅಂತೀರಲ್ಲ ಮೇಡಂ, ಕೈ ಒಣಗಿದ್ರೆ ಹೊಟ್ಟೆನೂ ಒಣಗ್ತೈತೆ' ಎನ್ನುತ್ತಿದ್ದರು. ತೊಡೆಸಂದಿನ ಹುಳುಕಡ್ಡಿಗೆ ಅಂಗಡಿಯಿಂದ ತಂದ ಟ್ಯೂಬ್ ಹಚ್ಚಿ ಹಚ್ಚಿ ಅದನ್ನು ಎದೆಯವರೆಗೆ ಹಬ್ಬಿಸಿಕೊಂಡವರು ಬರುತ್ತಿದ್ದರು. ಬೆಳ್ಳಗಾಗುವ ಕ್ರೀಮನ್ನು ವರ್ಷಗಟ್ಟಲೆ ಬಳಿದುಕೊಂಡ ಹೆಣ್ಣುಮಕ್ಕಳು ಬರುತ್ತಿದ್ದರು. ಅವರ ಕೆನ್ನೆಯ ಚರ್ಮ ಮೀನಿನ ಕಿವಿರಿನ ಒಳಭಾಗದಂತೆ ತೆಳ್ಳಗೆ, ಕೆಂಪಗೆ ಆಗಿರುತ್ತಿತ್ತು. ಮುಟ್ಟಿದರೆ ಉರಿ, ಬಿಸಿಲಿಗೆ ಹೋದರೆ ಉರಿ, ಕ್ರೀಮು ನಿಲ್ಲಿಸಿದರೆ ಇನ್ನೂ ಉರಿ. ಆ ಟ್ಯೂಬಿನ ಮೇಲೆ ಒಬ್ಬ ನಗುತ್ತಿರುವ ಹುಡುಗಿಯ ಚಿತ್ರವಿರುತ್ತಿತ್ತು. ಅಸಹ್ಯ ಎನ್ನುವ ಮಾತಿನ ಅರ್ಥ ನನಗೆ ಮೊದಲು ಆದದ್ದು ಆ ಚಿತ್ರ ನೋಡಿದಾಗ. ಹುಣ್ಣು, ಕೀವು, ಸಿಪ್ಪೆ ಇವುಗಳಿಗೆ ನಾನು ಎಂದೂ ಹೇಸಿದವಳಲ್ಲ.

ಆಮೇಲೆ ಹೆದ್ದಾರಿಯ ಪಕ್ಕದ ಕಟ್ಟಡವೊಂದರ ಮೊದಲ ಮಹಡಿಯಲ್ಲಿದ್ದ ಖಾಸಗಿ ಕ್ಲಿನಿಕ್ ಸೇರಿದೆ. ಲೇಸರ್ ಕಲಿಯಬೇಕೆಂಬ ಆಸೆ. ಹುಟ್ಟು ಮಚ್ಚೆ, ಸುಟ್ಟ ಕಲೆ, ಮೊಡವೆಯ ಗುಳಿ ಇವಕ್ಕೆಲ್ಲ ಲೇಸರಿನಲ್ಲಿ ದಾರಿ ಇದೆ ಎಂದು ಓದಿದ್ದೆ, ಕೈಯಿಂದ ಮಾಡಿರಲಿಲ್ಲ. ಕ್ಲಿನಿಕ್ಕಿನ ಯಜಮಾನರೂ ವೈದ್ಯರೇ. ಅವರನ್ನು ಇಲ್ಲಿ ಹಿರಿಯ ಡಾಕ್ಟರು ಎಂದೇ ಕರೆಯುತ್ತೇನೆ. ಅವರು ಚರ್ಮರೋಗ ಓದಿದವರಲ್ಲ. ಸೌಂದರ್ಯ ಚಿಕಿತ್ಸೆಯ ಎರಡು ದಿನ, ಮೂರು ದಿನದ ತರಬೇತಿಗಳಿಂದ ಮೇಲೆ ಬಂದವರು. ಆ ಪ್ರಮಾಣಪತ್ರಗಳು ಚೌಕಟ್ಟು ಹಾಕಿಸಿಕೊಂಡು ಗೋಡೆಯ ತುಂಬ ಇದ್ದವು. 'ನಾನು ಕಲಿಯೋದನ್ನ ಯಾವತ್ತೂ ನಿಲ್ಲಿಸಿಲ್ಲಮ್ಮ' ಎಂದು ಅವರು ಗೋಡೆಯ ಕಡೆ ಕೈ ತೋರಿಸಿ ಹೇಳುತ್ತಿದ್ದರು.

ಅಂಥ ಒಂದು ತರಬೇತಿಗೆ ನನ್ನನ್ನೂ ಕಳಿಸಿದರು. ಹೋಟೆಲಿನ ಸಭಾಂಗಣ. ವೇದಿಕೆಯ ಮೇಲೆ ಮಂಚ. ಮಂಚದ ಮೇಲೆ ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿಸಿಕೊಂಡು ಮಲಗಿದ್ದ ಒಬ್ಬಳು ಹುಡುಗಿ, ಪ್ರಾತ್ಯಕ್ಷಿಕೆಗಾಗಿ ಕರೆತಂದಿದ್ದವಳು. ಕಂಪನಿಯ ತರಬೇತುದಾರ ಅವಳ ಮೇಲ್ದುಟಿಯನ್ನು ದೊಡ್ಡ ಪರದೆಯ ಮೇಲೆ ತೋರಿಸಿ, 'ಇಂಥ ಮೀಸೆ ನನಗಿದ್ದಿದ್ದರೆ ಪೊಲೀಸ್ ಕೆಲಸಕ್ಕೆ ಸೇರುತ್ತಿದ್ದೆ' ಎಂದ. ಸಭಾಂಗಣ ನಕ್ಕಿತು. ಹುಡುಗಿ ಕೇಳಿಸಿಕೊಂಡಳು. ಕನ್ನಡಕದಡಿ ಅವಳ ಮುಖ ಕದಲಲಿಲ್ಲ. ಹೊಟ್ಟೆಯ ಮೇಲಿಟ್ಟಿದ್ದ ಕೈಗಳು ಮಾತ್ರ ಒಂದನ್ನೊಂದು ಹಿಡಿದುಕೊಂಡವು. ಮಧ್ಯಾಹ್ನ ಗೋಬಿ ಮಂಚೂರಿ ತಿಂದು ಎಲ್ಲರೂ ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಂಡೆವು.

ಇದಲ್ಲದೆ ಬೆಂಗಳೂರಿನಲ್ಲಿ ಭಾನುವಾರಗಳಂದು ಇನ್ನೊಂದು ಪಾಠ ಇತ್ತು. ನಿವೃತ್ತರಾದ ಒಬ್ಬ ಪ್ರಾಧ್ಯಾಪಕಿ ತಮ್ಮ ಮನೆಯ ಹಾಲಿನಲ್ಲಿ ನಾಲ್ಕಾರು ಜನರಿಗೆ ಹೇಳಿಕೊಡುತ್ತಿದ್ದರು. ಅಲ್ಲಿ ಯಂತ್ರವೇ ಇರಲಿಲ್ಲ. 'ನಮ್ಮ ಜನರ ಚರ್ಮದಲ್ಲಿ ಬಣ್ಣ ಹೆಚ್ಚು. ಲೇಸರಿಗೆ ಬೇಕಾದ್ದು ಬಣ್ಣ. ಅದು ಕೂದಲಿನ ಕಪ್ಪು, ಚರ್ಮದ ಕಪ್ಪು ಅಂತ ಭೇದ ಮಾಡೋದಿಲ್ಲ, ಕಪ್ಪು ಕಂಡಲ್ಲಿ ಬಿಸಿಯಾಗುತ್ತೆ. ಯಂತ್ರ ಹಿಡಿಯೋ ಮೊದಲು, ಈ ಮನುಷ್ಯ ಬೆಳಗ್ಗೆಯಿಂದ ಎಲ್ಲಿದ್ದ ಅಂತ ಕೇಳಿ' ಎನ್ನುತ್ತಿದ್ದರು. ನಾನು ಎರಡೂ ಕಡೆ ಕಲಿಯುತ್ತಿದ್ದೆ. ಎರಡು ಕಲಿಕೆಗಳೂ ಒಂದೇ ಕೈಗೆ ಬರುತ್ತವೆ ಎಂದು ಆಗ ತಿಳಿದಿದ್ದೆ.

ಇದನ್ನೆಲ್ಲ ಬರೆಯಲು ಕಾರಣಳಾದ ಹುಡುಗಿ ಕ್ಲಿನಿಕ್ಕಿಗೆ ಬಂದದ್ದು ಚಳಿಗಾಲ ಮುಗಿದು ಬಿಸಿಲು ಏರುತ್ತಿದ್ದ ದಿನಗಳಲ್ಲಿ. ಕೈಲಾಂಚದಿಂದ ಆಚೆಯ ಹಳ್ಳಿಯವಳು. ಕುರಿ ಸಾಕುವ ಮನೆತನ. ಒಂದಿಷ್ಟು ಹಿಪ್ಪುನೇರಳೆ ತೋಟ, ಎರಡು ಸೀಮೆ ಹಸು. ತಾಯಿ ಇಲ್ಲ, ಬೆಳೆಸಿದವಳು ಅಜ್ಜಿ. ಬೆಳಗ್ಗೆ ಸಂಜೆ ಊರಿನ ಡೇರಿಯಲ್ಲಿ ಹಾಲು ಅಳೆದು, ಪರೀಕ್ಷಿಸಿ ಹಾಕಿಸಿಕೊಳ್ಳುವುದು ಅವಳ ಕೆಲಸ. ಊರಿಗೆ ಊರೇ ದಿನಕ್ಕೆರಡು ಸಲ ಅವಳ ಮುಖದ ಮುಂದೆ ಸಾಲು ನಿಲ್ಲುತ್ತದೆ. ಮೇಲ್ದುಟಿಯ ಮೇಲೆ, ಗಲ್ಲದ ಮೇಲೆ, ದವಡೆಯ ಅಂಚಿನಲ್ಲಿ ದಪ್ಪ ಕೂದಲು ಬೆಳೆಯುತ್ತಿತ್ತು. ಹಾಲು ತೆಳ್ಳಗಿದೆ ಎಂದು ಅವಳು ಒಬ್ಬನ ಕ್ಯಾನು ತಿರುಗಿಸಿ ಕಳಿಸಿದರೆ, ಅವನು 'ಏನಮ್ಮಿ, ನನ್ನ ಹಾಲಲ್ಲಿ ನೀರೈತೆ ಅಂತೀಯ, ನಿನ್ನ ಗಡ್ಡದಲ್ಲಿ ಏನೈತೆ ಒಸಿ ನೋಡ್ಕೊ' ಎಂದನಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ. ಅದನ್ನು ಅವಳು ನನಗೆ ಹೇಳಿದ್ದು ನೆಲ ನೋಡುತ್ತ, ಬೇರೆ ಯಾರದೋ ವಿಷಯ ಎಂಬಂತೆ.

ಮುಟ್ಟು ಸರಿಯಾಗಿ ಆಗುತ್ತಿಲ್ಲ ಎಂದಳು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮೊದಲು ಆಗಲಿ, ಒಳಗಿನ ಕಾರಣ ತಿಳಿಯದೆ ಹೊರಗಿನ ಕೂದಲು ತೆಗೆದರೆ ಮತ್ತೆ ಬರುತ್ತದೆ ಎಂದು ನಾನು ಹೇಳುತ್ತಿದ್ದಾಗ ಹಿರಿಯ ಡಾಕ್ಟರು ಬಾಗಿಲಲ್ಲಿ ಬಂದು ನಿಂತರು.

'ರಕ್ತ ಎಲ್ಲಿಗೆ ಹೋಗುತ್ತಮ್ಮ, ಒಳಗೇ ಇರುತ್ತೆ. ಕೂದಲು ಕಾಣ್ತಾ ಇದೆಯಲ್ಲ, ಅದನ್ನ ಮೊದಲು ತೆಗೆಯೋಣ' ಎಂದರು. ಅಜ್ಜಿಯ ಕಡೆ ತಿರುಗಿ, 'ಮೊಮ್ಮಗಳಿಗೆ ಗಂಡು ಗೊತ್ತಾಗಿದೆಯಾ ಅಜ್ಜಿ?' ಎಂದು ಕೇಳಿದರು.

'ಗೊತ್ತಾಗಿಲ್ಲ ಸ್ವಾಮಿ. ಯುಗಾದಿ ಆದ್ಮೇಲೆ ಬತ್ತೀವಿ ಅಂದವ್ರೆ.'

'ಬರೋ ಹೊತ್ತಿಗೆ ನೋಡಿ, ಕೆನ್ನೆ ಬೆಣ್ಣೆ ಥರ ಆಗಿರುತ್ತೆ.'

ಲೇಸರಿಗೆ ಮೊದಲು ಚರ್ಮದ ಒಂದು ಚೂರು ಜಾಗದಲ್ಲಿ ಪ್ರಯೋಗ ಮಾಡಿ ನೋಡುವ ಕ್ರಮವಿದೆ. ಚರ್ಮ ಎಷ್ಟು ತಡೆಯುತ್ತದೆ ಎಂದು ಅದರಿಂದ ತಿಳಿಯುತ್ತದೆ. ಅದನ್ನು ದವಡೆಯ ಅಂಚಿನಲ್ಲಿ ಮಾಡೋಣ ಎಂದೆ. ಅಜ್ಜಿ ಒಪ್ಪಲಿಲ್ಲ.

'ಮದ್ವೆ ಆಗ್ಬೇಕಾದ ಮಗ ಕಣವ್ವ. ಮುಖದ ಮ್ಯಾಲೆ ಏನಾರ ಗುರುತು ಬಿದ್ರೆ ಯಾರಿಗೆ ಹೇಳಾನ? ಕಾಣ್ದೇ ಇರೋ ಕಡೆ ಮಾಡಿ ನೋಡಿ.'

ಅಜ್ಜಿಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹೊಸ ಸೀರೆಯ ಬಣ್ಣ ಬಿಡುತ್ತದೆಯೇ ಎಂದು ನಾವು ಸೆರಗಿನಲ್ಲಿ ನೋಡುವುದಿಲ್ಲ, ಒಳಸೆರಗಿನ ಮೂಲೆಯಲ್ಲಿ ನೋಡುತ್ತೇವೆ. ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಅದು ಯಾಕೆ ಸಾಲದು ಎಂದು ತಿಳಿಸಿ ಹೇಳಬೇಕಾದವರು ನಾವು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿರಿಯ ಡಾಕ್ಟರು ನಕ್ಕು, 'ಆಯ್ತು ಅಜ್ಜಿ, ನಿಮ್ಮ ಮಾತೇ ಆಗಲಿ' ಎಂದುಬಿಟ್ಟರು. ಕತ್ತಿನ ಹಿಂದೆ, ಜಡೆಯ ಕೆಳಗೆ ಪ್ರಯೋಗ ನಡೆಯಿತು. ಏನೂ ಆಗಲಿಲ್ಲ. ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮೊಂದನ್ನು ಕೊಟ್ಟು, ದಿನವೂ ಹಚ್ಚಬೇಕು ಎಂದು ಹೇಳಿದರು. ಹುಡುಗಿ ತಲೆಯಾಡಿಸಿದಳು. ಅಜ್ಜಿ ಮೊಮ್ಮಗಳು ಹೋದ ಮೇಲೆ, ಮುಖದ ಮೇಲೆ ಇನ್ನೊಂದು ಪ್ರಯೋಗ ಮಾಡದೆ ಶುರು ಮಾಡಬೇಡಿ ಸರ್ ಎಂದೆ. 'ಆಯ್ತಮ್ಮ, ಆಯ್ತು' ಎಂದರು.

ಕೆಲವು ವಾರಗಳ ನಂತರ ಒಂದು ಭಾನುವಾರ ನಾನು ಬೆಂಗಳೂರಿನ ಪಾಠಕ್ಕೆ ಹೋಗಿದ್ದಾಗ ಅವಳ ಮುಖಕ್ಕೆ ಲೇಸರ್ ಆಯಿತು.

ಮರುದಿನ ಬೆಳಗ್ಗೆ ನಾನು ಮೆಟ್ಟಿಲು ಹತ್ತುವಾಗ ಅಜ್ಜಿ ಮೊಮ್ಮಗಳು ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಹುಡುಗಿ ದುಪಟ್ಟಾದಿಂದ ಕಣ್ಣು ಮಾತ್ರ ಕಾಣುವಂತೆ ಮುಖ ಸುತ್ತಿಕೊಂಡಿದ್ದಳು. ಒಳಗೆ ಕರೆದುಕೊಂಡು ಹೋಗಿ ಬಿಚ್ಚಿಸಿದೆ. ಬಟ್ಟೆ ಒಂದು ಕಡೆ ಅಂಟಿಕೊಂಡಿತ್ತು. ನೀರು ಹಾಕಿ ಬಿಡಿಸಬೇಕಾಯಿತು.

ಎರಡು ಕೆನ್ನೆಯ ಕೆಳಭಾಗದಲ್ಲಿ, ದವಡೆಯುದ್ದಕ್ಕೂ, ಗಲ್ಲದ ಮೇಲೆ ಚೌಕಗಳಿದ್ದವು. ಯಂತ್ರದ ತುದಿ ಎಷ್ಟು ಅಗಲವೋ ಅಷ್ಟಗಲದ ಚೌಕಗಳು, ಒಂದರ ಪಕ್ಕ ಒಂದು, ನೆಲಕ್ಕೆ ಹಾಸಿದ ಬಿಲ್ಲೆಗಳಂತೆ. ನಡುವೆ ಬೂದು ಕಂದು ಬಣ್ಣ, ಅಂಚಿನಲ್ಲಿ ಕೆಂಪು. ಕೆಲವು ಕಡೆ ನೀರು ತುಂಬಿ ಉಬ್ಬಿದ್ದವು, ಒಂದೆರಡು ಒಡೆದಿದ್ದವು. ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಉಳಿದಿದ್ದ ಸಣ್ಣ ಗೆರೆಯ ಚರ್ಮ ಮಾತ್ರ ಸರಿಯಾಗಿತ್ತು. ಮೇಲ್ದುಟಿಯ ಮೇಲೆ ಏನೂ ಆಗಿರಲಿಲ್ಲ.

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು.

'ಯಾರವ್ವಾ ನಮ್ಮ ಮಗೀಗೆ ಬರೆ ಹಾಕ್ದೋರು?'

ನಾನು ತಣ್ಣೀರಿಗೆ ಬಟ್ಟೆ ಅದ್ದಿದೆ.

'ಕಾಮಾಲೆ ಆದ್ರೆ ನಮ್ಮ ಕಾಲದಲ್ಲಿ ಮಕ್ಕಳಿಗೆ ಬರೆ ಹಾಕೋರು. ನಂಗೂ ಹಾಕವ್ರೆ, ನೋಡಿ' ಎಂದು ಮೊಣಕೈ ಮೇಲಿನ ಹಳೆಯ ಕಲೆ ತೋರಿಸಿದಳು. 'ಅದಕ್ಕೆ ನೀವು ಡಾಕ್ಟ್ರುಗಳು ಬಂದು, ಹಂಗೆಲ್ಲ ಮಾಡ್ಬಾರ್ದು, ನೀವು ಮನುಷ್ಯರೋ ರಾಕ್ಷಸರೋ ಅಂತ ಬೋದ್ರಿ. ಬುಟ್ಬುಟ್ವಿ. ಕುರಿ ಕಾಲು ಊದ್ಕೊಂಡ್ರೆ ಈಗ್ಲೂ ಹಾಕ್ತೀವಿ ಕಣವ್ವ. ಆದ್ರೆ ಕುರಿಗೂ ಮೂತಿಗೆ ಹಾಕಾಕಿಲ್ಲ.'

ಹುಡುಗಿ 'ಸುಮ್ಕಿರಜ್ಜಿ' ಎಂದಳು. ತುಟಿ ಆಡಿಸಿದ್ದಕ್ಕೆ ಕೆನ್ನೆ ಎಳೆದು ನೋವಾಗಿ ಕಣ್ಣು ಮುಚ್ಚಿಕೊಂಡಳು.

ಅಷ್ಟರಲ್ಲಿ ಹಿರಿಯ ಡಾಕ್ಟರು ಬಂದರು. ಅವರು ಹಚ್ಚಿಕೊಳ್ಳುತ್ತಿದ್ದ ಸೆಂಟಿನ ವಾಸನೆ ಅವರಿಗಿಂತ ಮೊದಲು ಒಳಗೆ ಬರುತ್ತಿತ್ತು. ಮುಖ ನೋಡಿದರು. ಅವರ ನಗು ಒಂದಿಷ್ಟೂ ಬದಲಾಗಲಿಲ್ಲ. ನಾನು ಅದನ್ನು ಗಮನವಿಟ್ಟು ನೋಡಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

'ಹೀಟ್ ಬಾಡಿ ಅಜ್ಜಿ ಇವಳದು. ಎಳನೀರು ಕುಡಿಸಿ. ಬಿಸಿಲಿಗೆ ಹೋಗಬೇಡ ಅಂದಿದ್ದೆ, ಹೋಗಿದ್ದಾಳೆ. ಏನಮ್ಮ, ಹೋಗಿದ್ದೆ ತಾನೇ?'

ಹುಡುಗಿ ಹೌದು ಎಂದು ತಲೆಯಾಡಿಸಿದಳು.

'ನೋಡಿ, ಅವಳೇ ಒಪ್ಕೊಂಡ್ಲು.'

ತಣ್ಣೀರಿನ ಬಟ್ಟೆ ಇಟ್ಟು, ಮುಲಾಮು ಸವರಿ, ಅವರನ್ನು ಕಳಿಸಿ, ನಾನು ಬಟ್ಟೆ ಇಡುವ ಸಣ್ಣ ಕೋಣೆಗೆ ಹೋದೆ. ಯಂತ್ರ ನಡೆಸುವ ಹುಡುಗಿ ಅಲ್ಲಿ ಹಾಸುಬಟ್ಟೆಗಳನ್ನು ಮಡಿಸುತ್ತ ನಿಂತಿದ್ದಳು. ನನ್ನನ್ನು ಕಂಡದ್ದೇ ಅಳು ಬಂತು ಅವಳಿಗೆ. ಕತ್ತಿನ ಹಿಂದೆ ಯಾವ ಪ್ರಮಾಣದಲ್ಲಿ ಮಾಡಿದ್ದರೋ ಅದೇ ಪ್ರಮಾಣಕ್ಕೆ ಯಂತ್ರ ಇಟ್ಟು ಶುರು ಮಾಡಲು ಸರ್ ಹೇಳಿದರು ಎಂದಳು. ಇನ್ನೊಂದು ಪ್ರಯೋಗ ಮಾಡಲಿಲ್ಲ. ಮೇಲ್ದುಟಿಗೆ ಚಿಕ್ಕ ತುದಿ, ಕಡಿಮೆ ಶಕ್ತಿ, ಅದು ಸರಿಯಾಯಿತು. ಕೆನ್ನೆಗೆ ಬಂದಾಗ ಹುಡುಗಿ 'ಉರೀತೈತೆ ಅಕ್ಕ' ಎಂದಳಂತೆ.

'ನಾನು ನಿಲ್ಲಿಸ್ದೆ ಮೇಡಂ. ಸರ್ ಫೋನಲ್ಲಿ ಮಾತಾಡ್ತಿದ್ರು. ಕೈ ಅಡ್ಡ ಇಟ್ಕೊಂಡು, ಒಸಿ ಉರಿ ಇರುತ್ತೆ, ನೀನು ಮುಂದುವರಿಸು ಅಂದ್ರು. ವಾಸನೆ ಬೇರೆ ಥರ ಬಂತು ಮೇಡಂ. ಕೂದಲಿನ ವಾಸನೆ ಅಲ್ಲ ಅದು.'

ಆ ಕೊನೆಯ ಮಾತು ನನ್ನೊಳಗೆ ಉಳಿದುಬಿಟ್ಟಿತು.

ಸಂಜೆ ಹಿರಿಯ ಡಾಕ್ಟರು ಕರೆದರು. ಮೇಜಿನ ಮೇಲೆ ಅವರ ಮೊಬೈಲು. ಅದರಲ್ಲಿ ಹುಡುಗಿಯ ಫೋಟೋ. ಭಾನುವಾರ ಲೇಸರ್ ಮುಗಿದ ಮೇಲೆ ತೆಗೆದದ್ದು. ಅವರು ಬೆರಳಿನಿಂದ ಅದನ್ನು ಹಿಗ್ಗಿಸಿ, ಕತ್ತರಿಸಿ, ಮೂಗಿನ ಕೆಳಗಿಂದ ತುಟಿಯವರೆಗೆ ಮಾತ್ರ ಉಳಿಸಿದರು. 'ನೋಡಮ್ಮ, ಒಂದು ಕೂದಲೂ ಇಲ್ಲ. ಎಂಥ ರಿಸಲ್ಟ್!' ಎಂದರು. ವಾರದೊಳಗೆ ಆ ತುಟಿ ದೊಡ್ಡದಾಗಿ ಅಚ್ಚಾಗಿ ಬಂದು, ರೋಗಿಗಳು ಕೂರುವ ಹಾಲಿನ ಗೋಡೆಯ ಮೇಲೆ 'ಮೊದಲು' 'ಈಗ' ಎಂಬ ಎರಡು ಚಿತ್ರಗಳಲ್ಲಿ ನೇತಾಡಿತು. ಚಿತ್ರ ಇನ್ನೊಂದು ಬೆರಳಿನಷ್ಟು ಕೆಳಗಿಳಿದಿದ್ದರೆ ಸುಟ್ಟ ಗಲ್ಲ ಕಾಣುತ್ತಿತ್ತು. ದಿನವೂ ಅದರ ಮುಂದೆ ಹಾದು ನನ್ನ ಕೋಣೆಗೆ ಹೋಗಬೇಕಿತ್ತು. ಗೋಡೆಗೆ ಯಾರೋ ಉಗುಳಿ ಒರೆಸದೆ ಬಿಟ್ಟ ಹಾಗೆ ಅನ್ನಿಸುತ್ತಿತ್ತು.

ಅವರ ಬಳಿ ಇನ್ನೊಂದು ಯೋಚನೆಯೂ ಇತ್ತು. 'ಗಂಡಿನ ಕಡೆಯವರು ಬರೋದರೊಳಗೆ ಕಲೆಗೆ ಇನ್ನೊಂದು ಲೇಸರ್ ಹೊಡೆದುಬಿಡೋಣ. ನಾವೇ ಮಾಡಿಕೊಟ್ಟರೆ ಅವರು ಬಾಯಿ ಬಿಡೋದಿಲ್ಲ.'

ಗಾಯದ ಚರ್ಮ ಇನ್ನೂ ಬಲಿತಿಲ್ಲ, ಈಗ ಮತ್ತೆ ಬೆಳಕು ಹಾಯಿಸಿದರೆ ಒಂದೋ ಇದ್ದಿಲಿನಂತೆ ಕಪ್ಪಾಗಿ ನಿಲ್ಲುತ್ತದೆ, ಇಲ್ಲವೇ ಬಣ್ಣವೇ ಸತ್ತು ಬಿಳಿಯ ಚೌಕಗಳಾಗುತ್ತವೆ, ಆಮೇಲೆ ಅದನ್ನು ಸರಿ ಮಾಡಲು ಯಾರಿಂದಲೂ ಆಗದಿರಬಹುದು ಎಂದೆ. ಅವರು ಕುರ್ಚಿಗೆ ಒರಗಿದರು.

'ಓದಿ ಓದಿ ಹೆದರುಪುಕ್ಕಲು ಆಗಿದ್ದೀಯಮ್ಮ ನೀನು. ಈ ಫೀಲ್ಡಲ್ಲಿ ಕೈ ನಡುಗೋರು ಬೆಳೆಯಲ್ಲ.'

ಮುಂದಿನ ಭಾನುವಾರ ಪಾಠಕ್ಕೆ ಹೋಗಲಿಲ್ಲ. ಹುಡುಗಿ ಗಾಯ ತೋರಿಸಲು ಬಂದಿರಲಿಲ್ಲ. ಸ್ಕೂಟರ್ ತೆಗೆದುಕೊಂಡು ಅವಳ ಹಳ್ಳಿಗೆ ಹೋದೆ. ಡೇರಿಯ ಹತ್ತಿರ ಮನೆ ಕೇಳಿದರೆ ಒಬ್ಬಾತ, 'ಲೇಸರ್ ಮನೆನಾ? ಆ ಹುಣಸೆ ಮರದ ತಾವ' ಎಂದ. ಮನೆಗೆ ಆಗಲೇ ಹೆಸರು ಬಿದ್ದಿತ್ತು.

ಹಟ್ಟಿಯ ಮುಂದೆ ಕುರಿಮರಿಗಳು ಕಟ್ಟಿದ್ದವು. ಬಾಗಿಲಿಗೆ ಕಾಲಿಡುತ್ತಿದ್ದಂತೆ ಅಜ್ಜಿ ಒಳಗಿನಿಂದ ಕೂಗಿದಳು. 'ಅಲ್ಲೇ, ಅಲ್ಲೇ ನಿಂತ್ಕಳಿ ಡಾಕ್ಟ್ರಮ್ಮ! ಒಳಕ್ ಬರ್ಬ್ಯಾಡಿ, ಹುಳ ಐತೆ. ಸೆಂಟು ಗಿಂಟು ಹಾಕ್ಕಂಡಿದ್ದೀರಾ?'

ಕೈಗೆ ಸ್ಯಾನಿಟೈಸರ್ ಹಚ್ಚಿದ್ದೇನೆ ಎಂದೆ.

'ಅದೂ ಘಾಟೇಯ. ತೊಟ್ಟಿ ತಾವ ಕೈ ತೊಳ್ಕಳಿ, ಜಗುಲಿ ಮ್ಯಾಲೆ ಕೂತ್ಕಳಿ.'

ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬಂದ ಹುಡುಗಿ ಜಗುಲಿಯ ಇನ್ನೊಂದು ತುದಿಯಲ್ಲಿ ಕೂತಳು. ಗಾಯ ಒಣಗುತ್ತಿತ್ತು. ಸಿಪ್ಪೆ ಬಿದ್ದ ಕಡೆ ಚೌಕಗಳು ಗಾಢ ಕಂದಾಗಿ ಕಾಣುತ್ತಿದ್ದವು. ಬಿಸಿಲಿನ ಕ್ರೀಮು ಹಚ್ಚುತ್ತಿದ್ದೀಯಾ ಎಂದು ಕೇಳಿದೆ. ಅವಳು ಅಜ್ಜಿಯನ್ನು ನೋಡಿದಳು. ಅಜ್ಜಿ ಗೋಡೆಯ ಗೂಡಿನಿಂದ ಟ್ಯೂಬ್ ತಂದು ಕೊಟ್ಟಳು. ಮೊದಲ ದಿನ ಕೊಟ್ಟದ್ದೇ. ಮುಚ್ಚಳದ ಸೀಲು ಹಾಗೇ ಇತ್ತು.

'ಹುಳ ಇರೋವಾಗ ಘಮಘಮ ಅನ್ನೋದು ಏನೂ ಹಚ್ಕಳಂಗಿಲ್ಲ ಮೇಡಂ. ಪೌಡ್ರು ಕೂಡ ಹಾಕಲ್ಲ ನಾವು. ಹಚ್ಕಂಡು ಒಳಕ್ಕೋದ್ರೆ ಹುಳ ಸೊಪ್ಪು ಮುಟ್ಟಲ್ಲ, ಸತ್ತೋಯ್ತವೆ' ಎಂದಳು ಹುಡುಗಿ.

'ಹಾಗಂತ ಅವತ್ತೇ ಹೇಳಬಹುದಿತ್ತಲ್ಲ?'

'ಹಚ್ಚು ಅಂದ್ರು. ಹಚ್ಚಕಾಯ್ತದಾ ಅಂತ ಕೇಳ್ನಿಲ್ಲ.'

'ಸೊಪ್ಪು ಕುಯ್ಯಲು ಯಾವಾಗ ಹೋಗ್ತೀಯ?'

'ಡೇರಿ ಮುಗಿಸ್ಕಂಡು. ಬಿಸ್ಲು ನೆತ್ತಿಗೆ ಬರೋಗಂಟ ಅಲ್ಲೇ.'

ನಾನು ಎದ್ದು ಹೋಗಿ ಅವಳ ಜಡೆಯನ್ನು ಮೇಲೆತ್ತಿದೆ. ಕತ್ತಿನ ಹಿಂದಿನ ಚರ್ಮ ನುಣುಪಾಗಿ, ತಿಳಿಯಾಗಿ, ಗೋದಿ ಬಣ್ಣದಲ್ಲಿತ್ತು. ಮುಖ ತೋಟದ ಬಿಸಿಲಿನಲ್ಲಿ ಬೆಂದು ಅದರ ಮೂರರಷ್ಟು ಕಪ್ಪಾಗಿತ್ತು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟರೆ ಇಬ್ಬರು ಬೇರೆ ಬೇರೆ ಹೆಣ್ಣುಮಕ್ಕಳ ಚರ್ಮ ಎನ್ನುವ ಹಾಗಿತ್ತು. ಒಬ್ಬಳ ಮೇಲೆ ಪ್ರಯೋಗ ಮಾಡಿ ಇನ್ನೊಬ್ಬಳನ್ನು ಸುಟ್ಟಿದ್ದರು. ಇದನ್ನು ನೋಡಲು ಯಾವ ಯಂತ್ರವೂ ಬೇಕಿರಲಿಲ್ಲ, ಜಡೆ ಎತ್ತಿದರೆ ಸಾಕಿತ್ತು.

ಜಡೆ ಬಿಟ್ಟು ಹಿಂದೆ ಬಂದು ಕೂತಾಗ ಹುಡುಗಿ ಕೇಳಿದಳು. 'ದೊಡ್ಡ ಡಾಕ್ಟ್ರು ಫೋನ್ ಮಾಡಿದ್ರು ಮೇಡಂ. ಶುಕ್ರವಾರ ಬಾ, ಕಲೆ ತೆಗೆದುಬುಡ್ತೀನಿ ಅಂದ್ರು. ಅದರ ಮುಂದಿನ ವಾರ ಗಂಡಿನ ಕಡೆಯೋರು ಬತ್ತಾರೆ. ಹೋಗ್ಲಾ, ಬ್ಯಾಡ್ವಾ?'

ನಾನು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕಿನ ಬಗ್ಗೆ, ನನ್ನ ಯಜಮಾನರ ಕೈಯ ಬಗ್ಗೆ ಅವಳು ಕೇಳುತ್ತಿದ್ದಳು. ಗೊತ್ತಿದ್ದಷ್ಟನ್ನು ಒಂದೊಂದಾಗಿ ಹೇಳಿದೆ. ಸುಮ್ಮನೆ ಬಿಟ್ಟರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಆದರೆ ಬಹುಪಾಲು ತಿಳಿಯಾಗುತ್ತದೆ. ಒಂದೆರಡು ಗುರುತು ಉಳಿಯಲೂಬಹುದು. ಈಗ ಮತ್ತೆ ಲೇಸರ್ ಹೊಡೆಸಿಕೊಂಡರೆ ಏನಾಗುತ್ತದೆ ಎಂದು ನಾನು ಭರವಸೆ ಕೊಡಲಾರೆ, ಕೊಡುವವರನ್ನು ನಂಬಬೇಡ.

'ಅವ್ರು ಬರೋ ಹೊತ್ಗೆ ಹಿಂಗೇ ಇರ್ತೈತಾ?'

'ಹೀಗೇ ಇರುತ್ತೆ.'

ಅವಳು ಎದ್ದು ಒಂದು ಕುರಿಮರಿಯ ಹಗ್ಗ ಸರಿಮಾಡಿ ಬಂದಳು. ಮತ್ತೆ ಕೂತು, 'ಈಗ ಏನು ಹಚ್ಕಳ್ಳಿ?' ಎಂದಳು. ವಾಸನೆಯಿಲ್ಲದ ಬರಿಯ ವ್ಯಾಸಲೀನ್, ಅದೂ ಸಂಜೆಯ ಸೊಪ್ಪು ಹಾಕಿ ಹುಳದ ಮನೆಯಿಂದ ಹೊರಗೆ ಬಂದ ಮೇಲೆ. ತೋಟಕ್ಕೆ ಹೋಗುವಾಗ ಮುಖಕ್ಕೆ ತೆಳು ಹತ್ತಿಬಟ್ಟೆ. ಹುಳ ಗೂಡು ಕಟ್ಟಿ ಮನೆ ಖಾಲಿಯಾದ ಮೇಲೆ ಈ ಬಿಸಿಲಿನ ಕ್ರೀಮು. ಬೇರೆ ಏನೂ ಬೇಡ, ಯಾರು ಏನು ಕೊಟ್ಟರೂ ಬೇಡ ಎಂದೆ.

ಶುಕ್ರವಾರ ಯಂತ್ರವನ್ನು ಬೆಳಗ್ಗೆಯೇ ಚಾಲೂ ಮಾಡಿಸಿದ್ದರು. ಯಂತ್ರ ನಡೆಸುವ ಹುಡುಗಿ ಮಂಚಕ್ಕೆ ಹೊಸ ಹಾಸು ಹಾಸಿ, ಪರದೆಯ ಪಕ್ಕ ನಿಂತಿದ್ದಳು. ಮಧ್ಯಾಹ್ನದವರೆಗೂ ಯಾರೂ ಬರಲಿಲ್ಲ. ಹಿರಿಯ ಡಾಕ್ಟರು ನನ್ನ ಕೋಣೆಗೆ ಬಂದರು.

'ನೀನು ಹೇಳಿದ್ಯಾ?'

'ಹೇಳಿದೆ ಸರ್.'

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ. ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ, 'ಹೋಗಲಿ ಬಿಡು. ಕುರಿ ಕಾಯೋರ ಮನೆ ಹುಡುಗಿ. ಮುಖ ಹೇಗಿದ್ರೆ ಏನಾಗ್ಬೇಕು' ಎಂದರು. ಕೆನ್ನೆ ಬೆಣ್ಣೆಯಾಗುತ್ತದೆ ಎಂದಿದ್ದ ಅದೇ ಬಾಯಿ, ಅದೇ ದನಿ. ನಾನು ಹೊರಗೆ ಹೋಗಿ ಹಾಲಿನ ಗೋಡೆಯಿಂದ ಆ ತುಟಿಯ ಚಿತ್ರವನ್ನು ಇಳಿಸಿದೆ. ಅದನ್ನು ತೆಗೆದುಕೊಂಡೇ ಮೆಟ್ಟಿಲಿಳಿದೆ. ಮತ್ತೆ ಹತ್ತಲಿಲ್ಲ.

ಈಗ ಕನಕಪುರದಲ್ಲಿ ನನ್ನದೇ ಒಂದು ಚಿಕ್ಕ ಜಾಗವಿದೆ, ಶನಿವಾರ ಮಾಗಡಿಗೆ ಹೋಗುತ್ತೇನೆ. ಭಾನುವಾರದ ಪಾಠ ಬಿಟ್ಟಿಲ್ಲ. ಆ ಪ್ರಾಧ್ಯಾಪಕಿಗೆ ಈ ಹುಡುಗಿಯ ವಿಷಯ ಹೇಳಿದಾಗ ಅವರು, ರೇಷ್ಮೆ ಹುಳದ ವಿಚಾರ ನನಗೂ ತಿಳಿದಿರಲಿಲ್ಲ, ಬರೆದುಕೊಳ್ಳುತ್ತೇನೆ ಎಂದರು. ಲೇಸರ್ ಯಂತ್ರ ಕೊಂಡದ್ದು ಎಲ್ಲಕ್ಕಿಂತ ಕೊನೆಗೆ. ಅದನ್ನು ಮಾರಲು ಬಂದವನು ನನ್ನ ಮೇಜಿನ ಮೇಲೆ 'ಮೊದಲು' 'ಈಗ' ಚಿತ್ರಗಳ ಕಟ್ಟು ಹರಡಿದ. ಪ್ರತಿ ಜೋಡಿಯಲ್ಲೂ ಎರಡನೆಯ ಚಿತ್ರಕ್ಕೆ ಬೆಳಕು ಹೆಚ್ಚಿತ್ತು. ಅವನ್ನು ಎತ್ತಿಕೊಳ್ಳಿ, ಮೇಜು ಒರೆಸಬೇಕು ಎಂದೆ. ಅವನು ತಮಾಷೆ ಎಂದುಕೊಂಡು ನಕ್ಕ.

ಹುಡುಗಿ ಅಜ್ಜಿಯನ್ನು ಕರೆದುಕೊಂಡು ಕನಕಪುರದವರೆಗೂ ಬಸ್ಸಿನಲ್ಲಿ ಬಂದಳು. ದೀಪಾವಳಿ ಕಳೆದಿತ್ತು. ಮನೆಯಲ್ಲಿ ಆಗ ಹುಳ ಇರಲಿಲ್ಲ. ಚೌಕಗಳು ಹೆಚ್ಚುಕಡಿಮೆ ಅಳಿಸಿಹೋಗಿದ್ದವು, ಎಡ ದವಡೆಯ ಮೂಲೆಯಲ್ಲಿ ಒಂದು ಮಾತ್ರ ನಿಂತಿತ್ತು. ಆ ಗಂಡಿನ ಕಡೆಯವರು ಬಂದಿದ್ದರಾ ಎಂದು ಕೇಳಿದೆ.

'ಬಂದಿದ್ರು ಮೇಡಂ. ಮುಖಕ್ಕೆ ಏನಾಗೈತೆ ಅಂದ್ರು. ಅಜ್ಜಿ, ರಾಮನಗರದಲ್ಲಿ ಬರೆ ಹಾಕವ್ರೆ ಅಂದ್ಬುಡ್ತು. ಎದ್ದೋದ್ರು. ಉಪ್ಪಿಟ್ಟು ಮಾತ್ರ ಎರಡು ಸಲ ಹಾಕಿಸ್ಕಂಡು ತಿಂದು ಎದ್ದೋದ್ರು' ಎಂದು ನಕ್ಕಳು. ನಗುವಾಗ ಕೆನ್ನೆ ಎಳೆಯಲಿಲ್ಲ.

ಫೋನಿನಲ್ಲಿ ನಾನು ಹೇಳಿದ್ದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿ ಮಾತ್ರೆ ಶುರುವಾಗಿತ್ತು. ಇದ್ದ ಕೂದಲನ್ನು ತೆಗೆಸಬೇಕೆಂದು ಅವಳೇ ಕೇಳಿದಳು. ಇನ್ನೊಮ್ಮೆ ಆ ಬೆಳಕಿನ ಕೆಳಗೆ ಮಲಗಲು ಅವಳಿಗೆ ಹೇಗೆ ಧೈರ್ಯ ಬಂತೋ ನನಗೆ ತಿಳಿಯದು. ನನಗೆ ಯಂತ್ರ ಹಿಡಿಯಲು ಅಷ್ಟು ಧೈರ್ಯವಿರಲಿಲ್ಲ. ಪ್ರಯೋಗಕ್ಕೆ ಯಾವ ಜಾಗ ಎಂದು ನಾನು ಹೇಳುವ ಮೊದಲೇ ಅವಳು ದವಡೆಯ ಮೇಲೆ, ಹಳೆಯ ಗುರುತಿನಿಂದ ಎರಡು ಬೆರಳು ಈಚೆಗೆ, ಬಿಸಿಲು ಕಂಡ ಚರ್ಮದ ಮೇಲೆ ಬೆರಳಿಟ್ಟಳು.

'ಕಾಣೋ ಕಡೇನೇ ಮಾಡಿ ಮೇಡಂ.'

ಅತ್ಯಂತ ಕಡಿಮೆ ಪ್ರಮಾಣದಲ್ಲಿ, ಒಂದೇ ಒಂದು ಸಲ ಒತ್ತಿದೆ. ಕೂದಲು ಸುಟ್ಟ ವಾಸನೆ ಬಂತು. ಕೂದಲಿನದೇ ಎಂದು ಖಾತ್ರಿ ಮಾಡಿಕೊಳ್ಳಲು ಬಗ್ಗಿ ಮೂಸಿ ನೋಡಿದೆ. ಕಿಟಕಿ ತೆರೆದು ಒಂದಿಷ್ಟು ಹೊತ್ತು ನಿಂತು, ಮತ್ತೆ ಬಂದು ಅವಳ ದವಡೆ ನೋಡಿದೆ. ಇವತ್ತಿಗೆ ಇಷ್ಟೇ, ಹದಿನೈದು ದಿನ ಬಿಟ್ಟು ಬನ್ನಿ, ಚರ್ಮ ಏನು ಹೇಳುತ್ತದೆ ನೋಡೋಣ ಎಂದೆ.

'ಇಷ್ಟಕ್ಕೆ ಎರಡು ಬಸ್ಸು ಹತ್ತಿ ಬಂದ್ವಾ!' ಎಂದಳು ಅಜ್ಜಿ. ಎದ್ದು ಮೊಮ್ಮಗಳ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ನಾನು ಒತ್ತಿದ ಜಾಗವನ್ನು ಕಣ್ಣು ಕಿರಿದು ಮಾಡಿ ನೋಡಿದಳು.

'ಇದೇನಾರ ಕಪ್ಪಾಯ್ತು ಅಂದ್ರೆ ಡಾಕ್ಟ್ರಮ್ಮ, ಕುರಿ ಬರೆ ಕಡ್ಡಿ ಕಾಯಿಸ್ಕಂಡು ಬತ್ತೀನಿ. ನಿಮ್ಮ ಕೈಗೇ ಹಾಕೋದು.'

'ಹಾಕಿ ಅಜ್ಜಿ' ಎಂದೆ. 'ಕಾಣೋ ಕಡೇನೇ ಹಾಕಿ.'